ಮರಿ ಕೊಡುವ ಮುನ್ನ ಮನೆ ನೋಡುತ್ತಾರೆ

ಬೆಂಗಳೂರಿನ ಪ್ರಾಣಿ ಆಶ್ರಯಧಾಮಗಳಿಗೆ ಫೋನ್ ಮಾಡಿ ‘ಒಂದು ನಾಯಿಮರಿ ಬೇಕಿತ್ತು’ ಎಂದರೆ ಮರಿಯ ವಿವರಕ್ಕಿಂತ ಮೊದಲು ನಿಮ್ಮ ವಿವರ ಕೇಳುತ್ತಾರೆ. ಮನೆ ಸ್ವಂತದ್ದೋ ಬಾಡಿಗೆಯದೋ? ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಇದೆಯೇ? ಮನೆಯಲ್ಲಿ ಎಷ್ಟು ಜನ, ಎಲ್ಲರಿಗೂ ನಾಯಿ ಇಷ್ಟವೇ? ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಮೊದಲು ನಾಯಿ ಸಾಕಿದ್ದಿರಾ, ಆ ನಾಯಿ ಏನಾಯಿತು? ಊರಿಗೆ ಹೋಗುವಾಗ ಎಲ್ಲಿ ಬಿಡುತ್ತೀರಿ? ಇಷ್ಟಕ್ಕೆಲ್ಲ ಉತ್ತರ ಕೊಟ್ಟ ಮೇಲೆ ಗುರುತಿನ ಚೀಟಿ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ, ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮರಿ ಮನೆಗೆ ಬಂದ ಮೇಲೂ ‘ಫೋಟೊ ಕಳಿಸಿ’ ಎನ್ನುತ್ತಾರೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಓದಲೆಂದೋ ದುಡಿಯಲೆಂದೋ ಬೆಂಗಳೂರು ಸೇರಿದವರಿಗೆ ಈ ವಿಚಾರಣೆ ವಿಚಿತ್ರವಾಗಿ ಕಾಣುವುದು ಸಹಜ. ನಮ್ಮ ಕಡೆ ಓಣಿಯ ನಾಯಿ ಮರಿ ಹಾಕಿತು ಎಂದರೆ, ‘ಯಣ್ಣಾ, ಒಂದು ಗಂಡು ಮರಿ ನಮಗಿರ್ಲಿ’ ಎಂದು ಹೇಳಿಟ್ಟರೆ ಸಾಕು. ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮರಿ ಇನ್ನೊಂದು ಮನೆಯ ಅಂಗಳದಲ್ಲಿರುತ್ತದೆ. ಅಂಥ ಊರಿನಿಂದ ಹೋದವರು ‘ನಾಯಿಮರಿ ಕೊಡಾಕ ಇಷ್ಟ್ಯಾಕ್ರಿ ಕೇಳ್ತೀರಿ, ನಾವೇನು ಅದನ್ನ ಕೊಲ್ಲಾಕ ಒಯ್ಯಾಕತ್ತೀವೇನ್ರಿ?’ ಎಂದು ಸಿಟ್ಟಾಗುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಪ್ರಶ್ನೆಗಳ ಹಿಂದೆ ಕಾರಣಗಳಿವೆ. ಒಂದೊಂದೂ ಯಾವುದೋ ಪ್ರಾಣಿ ಅನುಭವಿಸಿದ ಸಂಕಟದಿಂದ ಹುಟ್ಟಿದ್ದು. ಪ್ರಾಣಿ ದತ್ತು ಎಂಬ ಈ ವ್ಯವಸ್ಥೆ ಹೇಗೆ ಬಂತು, ಹೇಗೆ ನಡೆಯುತ್ತದೆ, ಅದರ ಬಿಗಿ ಎಲ್ಲಿ ಸರಿ, ಎಲ್ಲಿ ಅತಿ, ನಮ್ಮ ಊರುಗಳಿಗೆ ಅದರಿಂದ ಏನು ಉಪಯೋಗ ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿಗೆ ಬಂದ ಬಗೆ

ಬೀದಿಪಾಲಾದ ನಾಯಿ ಬೆಕ್ಕುಗಳಿಗೆ ಆಶ್ರಯ ಕೊಟ್ಟು, ಯೋಗ್ಯ ಮನೆ ಹುಡುಕುವ ಕೆಲಸ ಸಂಸ್ಥೆಯ ರೂಪದಲ್ಲಿ ಮೊದಲು ಹೆಸರಾದದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಬ್ಯಾಟರ್‌ಸೀ ಆಶ್ರಯಧಾಮವನ್ನು ಮೇರಿ ಟೀಲ್ಬಿ ಎಂಬ ಮಹಿಳೆ ಆರಂಭಿಸಿದ್ದು 1860ರಲ್ಲಿ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದವರಲ್ಲಿ ಕ್ರಿಸ್ಟಲ್ ರಾಜರ್ಸ್ ಮುಖ್ಯರು. ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆ ಭಾರತದಲ್ಲೇ ನೆಲೆನಿಂತು ಮೊದಲು ದೆಹಲಿಯಲ್ಲಿ, ಆಮೇಲೆ ಜೈಪುರದಲ್ಲಿ ಪ್ರಾಣಿಗಳ ಆರೈಕೆಗೆ ಸಂಸ್ಥೆ ಕಟ್ಟಿದರು. ಜೈಪುರದ ‘ಹೆಲ್ಪ್ ಇನ್ ಸಫರಿಂಗ್’ ಶುರುವಾದದ್ದು 1980ರಲ್ಲಿ. ಮುಪ್ಪಿನಲ್ಲಿ ಬೆಂಗಳೂರಿಗೆ ಬಂದ ಅವರು ವಿಶ್ರಾಂತಿ ಪಡೆಯಲಿಲ್ಲ. 1991ರಲ್ಲಿ ಇಲ್ಲಿನ ಪ್ರಾಣಿಪ್ರಿಯರನ್ನು ಜೊತೆಗೂಡಿಸಿಕೊಂಡು ‘ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’ ಸಂಸ್ಥೆಯನ್ನು ಹುಟ್ಟುಹಾಕಿದರು. ಜನ ಅದನ್ನು ಚಿಕ್ಕದಾಗಿ ‘ಕ್ಯೂಪಾ’ ಎನ್ನುತ್ತಾರೆ. ರಾಜರ್ಸ್ 1996ರಲ್ಲಿ ತೀರಿಕೊಂಡರು. ಸಂಸ್ಥೆ ಮಾತ್ರ ಬೆಳೆಯುತ್ತಾ ಹೋಯಿತು.

ಇಂದು ಬೆಂಗಳೂರಿನಲ್ಲಿ ಕ್ಯೂಪಾ ಅಲ್ಲದೆ ‘ಚಾರ್ಲೀಸ್ ಆ್ಯನಿಮಲ್ ರೆಸ್ಕ್ಯೂ ಸೆಂಟರ್’ನಂಥ ಸಂಸ್ಥೆಗಳಿವೆ, ಮಂಗಳೂರಿನಲ್ಲಿ ‘ಆ್ಯನಿಮಲ್ ಕೇರ್ ಟ್ರಸ್ಟ್’ ಇದೆ, ಮೈಸೂರಿನಲ್ಲಿ ‘ಪೀಪಲ್ ಫಾರ್ ಆ್ಯನಿಮಲ್ಸ್’ ಇದೆ. ಸಂಸ್ಥೆಯ ಹಂಗಿಲ್ಲದೆ ಸ್ವಂತ ಮನೆಯಲ್ಲೇ ನಾಲ್ಕಾರು ಮರಿ ಇಟ್ಟುಕೊಂಡು, ಅವಕ್ಕೆ ಮನೆ ಹುಡುಕುವ ಗೃಹಿಣಿಯರು, ಕಾಲೇಜು ಹುಡುಗ ಹುಡುಗಿಯರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರ, ಮರಿಗಳನ್ನು ಹುಟ್ಟಿಸಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿಯ ಕಥೆ ಹೇಳಿ, ಕೊಳ್ಳುವುದಕ್ಕಿಂತ ದತ್ತು ಪಡೆಯುವುದು ಮೇಲು ಎಂಬ ಮಾತನ್ನು ಕನ್ನಡದ ಮನೆಮನೆಗೆ ಮುಟ್ಟಿಸಿತು.

ಅರ್ಜಿಯಿಂದ ಅಂಗಳದವರೆಗೆ

ದತ್ತು ನೀಡುವ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬದಲಾದರೂ ಮೂಲ ಹೆಜ್ಜೆಗಳು ಒಂದೇ. ಮೊದಲು ಅರ್ಜಿ. ಬಳಿಕ ಫೋನಿನಲ್ಲಿ ಮಾತು. ಅರ್ಜಿ ಹಾಕಿದವರಷ್ಟೇ ಬಂದರೆ ಸಾಲದು, ಮನೆಯವರೆಲ್ಲ ಬಂದು ಪ್ರಾಣಿಯನ್ನು ನೋಡಬೇಕು. ಮಗನಿಗೆ ಆಸೆ, ಅಮ್ಮನಿಗೆ ಭಯ ಎಂಬಂಥ ಮನೆಗೆ ಮರಿ ಹೋದರೆ, ಮಗ ಹಾಸ್ಟೆಲ್ ಸೇರಿದ ದಿನವೇ ಮರಿ ಬೀದಿಗೆ ಬರುತ್ತದೆ ಎಂಬುದು ಆಶ್ರಯಧಾಮದವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ವಿದ್ಯಾರ್ಥಿಗಳು ಕೇಳಿದಾಗ ತಂದೆ ತಾಯಿಯ ಸಹಿ ಬೇಕು ಎನ್ನುತ್ತಾರೆ.

ಆಮೇಲೆ ಮನೆ ನೋಡುವುದು. ಗೇಟು ಭದ್ರವಾಗಿದೆಯೇ, ಕಾಂಪೌಂಡಿನಲ್ಲಿ ಮರಿ ನುಸುಳುವಷ್ಟು ಸಂದು ಇದೆಯೇ, ಮಾಳಿಗೆಗೆ ಕಟಾಂಜನ ಇದೆಯೇ ಎಂದು ನೋಡುತ್ತಾರೆ. ಬೆಕ್ಕು ಕೇಳಿದವರು ಮೇಲಿನ ಮಹಡಿಯಲ್ಲಿದ್ದರೆ ಬಾಲ್ಕನಿಗೆ ಜಾಲರಿ ಹಾಕಿಸಿ ಎನ್ನುತ್ತಾರೆ. ಎತ್ತರದಿಂದ ಬಿದ್ದು ಸೊಂಟ, ದವಡೆ ಮುರಿದುಕೊಂಡ ಬೆಕ್ಕುಗಳಿಗೆ ಚಿಕಿತ್ಸೆ ಕೊಟ್ಟ ಕೈಗಳು ಬರೆದ ಷರತ್ತು ಅದು.

ಕೊನೆಯದು ಕರಾರುಪತ್ರ. ಅದರಲ್ಲಿ ಸಾಮಾನ್ಯವಾಗಿ ಇರುವ ಮಾತುಗಳಿವು: ವರ್ಷ ವರ್ಷ ಲಸಿಕೆ ಹಾಕಿಸಬೇಕು. ವಯಸ್ಸಿಗೆ ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಬಾರದು. ಮರಿ ಹಾಕಿಸಿ ಮಾರಬಾರದು. ಸಂಸ್ಥೆಗೆ ತಿಳಿಸದೆ ಬೇರೆಯವರಿಗೆ ಕೊಡಬಾರದು. ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ಸಂಸ್ಥೆಗೇ ವಾಪಸು ತರಬೇಕು. ಪ್ರಾಣಿಗೆ ಹಿಂಸೆಯಾದದ್ದು ಕಂಡರೆ ಸಂಸ್ಥೆ ಅದನ್ನು ಹಿಂದಕ್ಕೆ ಪಡೆಯಬಹುದು. ಇವುಗಳಲ್ಲಿ ಅತಿ ದೊಡ್ಡ ಮಾತು ವಾಪಸು ತರುವುದರದ್ದು ಎಂದು ನನಗನ್ನಿಸುತ್ತದೆ. ಆ ಒಂದು ಸಾಲಿನಿಂದ ಸಾಕುವವರಿಗೂ ದಾರಿ ಉಳಿಯುತ್ತದೆ, ಪ್ರಾಣಿಗೂ ನೆಲೆ ಉಳಿಯುತ್ತದೆ.

ಷರತ್ತಿನ ಹಿಂದಿನ ಕಾರಣ

ಸಾಕಿದ ನಾಯಿ ಹನ್ನೆರಡರಿಂದ ಹದಿನೈದು ವರ್ಷ ಬದುಕಬಲ್ಲದು. ಇಂದು ಒಂದನೇ ತರಗತಿಯ ಮಗುವಿನ ಹಟಕ್ಕೆ ತಂದ ಮರಿ, ಆ ಮಗು ಡಿಗ್ರಿ ಸೇರುವವರೆಗೆ ಮನೆಯಲ್ಲಿರಬೇಕಾದ ಜೀವ. ‘ನಾಯಿ ಬದುಕಿನುದ್ದಕ್ಕೂ, ಬರೀ ಕ್ರಿಸ್‌ಮಸ್‌ಗಲ್ಲ’ ಎಂಬ ಅರ್ಥದ ಘೋಷಣೆ ಬ್ರಿಟನ್ನಿನಲ್ಲಿ 1978ರಲ್ಲೇ ಹುಟ್ಟಿತು. ಹಬ್ಬದ ಉಡುಗೊರೆಯಾಗಿ ಮನೆ ಸೇರಿದ ಮರಿಗಳು ಹಬ್ಬ ಕಳೆದ ಮೇಲೆ ಬೀದಿಗೆ ಬೀಳುತ್ತಿದ್ದುದೇ ಅದಕ್ಕೆ ಕಾರಣ.

ಮರಿಗಳಿಗೆ ಮೊದಲ ಕೆಲವು ತಿಂಗಳು ಕಂಟಕದ ಕಾಲ. ಪಾರ್ವೊ ವೈರಸ್ ತಗುಲಿದ ಮರಿ ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲೇ ಸಾಯಬಹುದು. ಡಿಸ್ಟೆಂಪರ್ ಬಂದರೆ ನರಗಳಿಗೆ ಪೆಟ್ಟು ಬೀಳುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ಲಸಿಕೆ ಶುರು ಮಾಡಿ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಹಾಕಿಸಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಕೊಡಿಸಬೇಕು. ತಾಯಿಯ ಹಾಲು ಮತ್ತು ಒಡಹುಟ್ಟಿದ ಮರಿಗಳ ಜೊತೆಗಿನ ಆಟ ಎರಡೂ ಬೇಕಾದ ಕಾಲವಿದು. ನಾಯಿ ತಳಿ ಬೆಳೆಸುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುತ್ತವೆ. ಕಣ್ಣು ಬಿಟ್ಟ ಕೂಡಲೇ ಮರಿ ಒಯ್ಯುವ ನಮ್ಮ ರೂಢಿ ಬಿಡಬೇಕಾದದ್ದು ಈ ಕಾರಣಕ್ಕೆ.

ರೇಬೀಸ್ ವಿಷಯವಂತೂ ಮನುಷ್ಯರ ಜೀವದ ಪ್ರಶ್ನೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಆಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರಿಗೆ ತಗಲುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ‘ಲಸಿಕೆ ಹಾಕಿಸುತ್ತೇನೆ’ ಎಂಬ ಸಹಿ ನಾಯಿಯ ಜೊತೆಗೆ ಓಣಿಯ ಮಕ್ಕಳನ್ನೂ ಕಾಯುತ್ತದೆ.

ಸಂತಾನಹರಣದ ಷರತ್ತಿಗೆ ನಮ್ಮ ಕಡೆ ಹೆಚ್ಚು ವಿರೋಧ. ಹೋರಿಗೆ ಬೀಜ ಒಡೆಸುವುದನ್ನು ಒಕ್ಕಲುತನದ ಭಾಗವೆಂದು ಒಪ್ಪಿದವರೇ ಹೆಣ್ಣುನಾಯಿಗೆ ಆಪರೇಷನ್ ಎಂದರೆ ‘ಪಾಪ, ಮೂಕಪ್ರಾಣಿ’ ಎಂದು ಹಿಂದೆ ಸರಿಯುತ್ತಾರೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಎರಡು ತಿಂಗಳ ಬಸಿರಿನ ನಂತರ ನಾಲ್ಕು, ಆರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಿ. ಗಂಡು ಮರಿಗಳನ್ನು ಜನ ಒಯ್ಯುತ್ತಾರೆ. ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಊರ ಹೊರಗೆ, ಕಾಲುವೆಯ ದಂಡೆಗೆ ಬಿಟ್ಟು ಬರುತ್ತಾರೆ. ನಿಜವಾದ ಪಾಪ ಅಲ್ಲಿ ಆಗುತ್ತಿದೆ. ಒಂದು ಶಸ್ತ್ರಚಿಕಿತ್ಸೆ ಅದನ್ನು ತಡೆಯುತ್ತದೆ.

ಕಾನೂನು ಹೇಳಿದ್ದನ್ನೇ ಕೇಳುತ್ತಾರೆ

ಆಶ್ರಯಧಾಮದವರು ತಮ್ಮ ಮನಸ್ಸಿಗೆ ಬಂದಂತೆ ಷರತ್ತು ಹಾಕುತ್ತಾರೆ ಎಂಬ ದೂರಿದೆ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರ 11ನೇ ಕಲಂ ತೆರೆದು ನೋಡಿದರೆ ಆ ಷರತ್ತುಗಳ ಬೇರು ಅಲ್ಲೇ ಸಿಗುತ್ತದೆ. ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಪ್ರಾಣಿಯನ್ನು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು ಅಪರಾಧ. ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬಿಡುವುದೂ ಅಪರಾಧ. ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಇದು ದೇಶದ ಕಾನೂನು.

ಹಾಗಾದರೆ ಕರಾರುಪತ್ರ ಏಕೆ ಬೇಕು? ಆ ಕಾಯ್ದೆಯ ಪ್ರಕಾರ ಮೊದಲ ತಪ್ಪಿಗೆ ದಂಡ ಕನಿಷ್ಠ ಹತ್ತು ರೂಪಾಯಿ, ಗರಿಷ್ಠ ಐವತ್ತು ರೂಪಾಯಿ. ದಶಕಗಳ ಹಿಂದೆ ನಿಗದಿಯಾದ ಮೊತ್ತ ಅದು. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷದವರೆಗೆ ಸೆರೆವಾಸ ಹೇಳುತ್ತದೆ ನಿಜ. ಆದರೆ ಬಿಸಿಲಿನಲ್ಲಿ ಕಟ್ಟಿಹಾಕಿ ಮರೆತವನಿಗೆ, ಊರು ಬಿಡುವಾಗ ನಾಯಿಯನ್ನು ಹೈವೇ ಪಕ್ಕ ಇಳಿಸಿ ಹೋದವನಿಗೆ ಆಗುವ ಶಿಕ್ಷೆ ಆ ಐವತ್ತು ರೂಪಾಯಿಯ ಒಳಗೇ. ಹಿಂಸೆಯಾದ ಮೇಲೆ ಕಾನೂನು ಮಾಡುವುದು ಇಷ್ಟೇ ಆಗಿರುವಾಗ, ಹಿಂಸೆಯಾಗುವ ಮೊದಲೇ ತಡೆಯಲು ಆಶ್ರಯಧಾಮದ ಕೈಯಲ್ಲಿರುವ ಉಪಾಯ ಪ್ರಶ್ನೆ ಕೇಳುವುದೊಂದೇ. ಬಿಗಿ ನಿಯಮಗಳ ಪರವಾಗಿ ನಾನು ಹೇಳಬಲ್ಲ ಅತಿ ಬಲವಾದ ಮಾತು ಇದು.

ಪ್ರಾಣಿಗೆ ಏನೇನು ಬೇಕು ಎಂಬುದಕ್ಕೂ ಒಂದು ಅಳತೆ ಇದೆ. ಹಸಿವು ನೀರಡಿಕೆ ಇಲ್ಲದಿರುವುದು, ಮೈಗೆ ಹಿತವಿರುವುದು, ನೋವು ರೋಗ ಇಲ್ಲದಿರುವುದು, ಭಯ ಇಲ್ಲದಿರುವುದು, ತನ್ನ ಸಹಜ ಸ್ವಭಾವದಂತೆ ಬದುಕುವುದು ಎಂಬ ಐದು ಸ್ವಾತಂತ್ರ್ಯಗಳ ಚಿಂತನೆ 1965ರ ಬ್ರಿಟಿಷ್ ಸಮಿತಿಯೊಂದರ ವರದಿಯಿಂದ ಬೆಳೆದು ಬಂತು. ನಮ್ಮ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಒಳ್ಳೆಯ ದತ್ತು ಅರ್ಜಿಯ ಪ್ರಶ್ನೆಗಳೆಲ್ಲ ಈ ಐದರಲ್ಲಿ ಯಾವುದಾದರೂ ಒಂದಕ್ಕೆ ಸೇರುತ್ತವೆ. ಯಾವುದಕ್ಕೂ ಸೇರದ ಪ್ರಶ್ನೆ ಅರ್ಜಿಯಲ್ಲಿ ಇರಬೇಕಿಲ್ಲ.

ನಮ್ಮ ಮೂರು ಊರುಗಳಲ್ಲಿ

ಷರತ್ತು ಹಾಕಿ ಪ್ರಾಣಿ ಕೊಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕುರಿ, ಮೇಕೆ, ಎಮ್ಮೆಯನ್ನು ಪಾಲಿಗೆ ಕೊಡುವ ರೂಢಿ ಇಂದಿಗೂ ಇದೆ. ಸಾಕುವವರು ಮೇಯಿಸಿ ನೋಡಿಕೊಳ್ಳುತ್ತಾರೆ, ಹುಟ್ಟಿದ್ದರಲ್ಲಿ ಇಬ್ಬರಿಗೂ ಪಾಲು. ಹಾಗೆ ಕೊಡುವ ಮುನ್ನ ಆ ಮನೆಯವರ ಕೈಗುಣ ಎಂಥದ್ದು, ಮೇವು ನೀರಿನ ಅನುಕೂಲ ಇದೆಯೇ, ಜಡ್ಡಾದರೆ ಪಶು ಆಸ್ಪತ್ರೆಗೆ ಒಯ್ಯುವರೇ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾರೆ. ಲಾಭವಿರುವ ಪ್ರಾಣಿಗೆ ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳನ್ನೇ ಆಶ್ರಯಧಾಮದವರು ಲಾಭವಿಲ್ಲದ ಪ್ರಾಣಿಗೂ ಕೇಳುತ್ತಿದ್ದಾರೆ.

ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದುದರಿಂದ ಮಸ್ಕಿ ಚರಿತ್ರೆಯ ಪುಟ ಸೇರಿತು. ಅದೇ ಅಶೋಕ ಗಿರ್ನಾರ್ ಮೊದಲಾದೆಡೆ ಬರೆಸಿದ ಎರಡನೇ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳಿದ್ದಾನೆ. ಅಶೋಕನ ಹೆಸರನ್ನು ಬಂಡೆಯಲ್ಲಿ ಕಾಪಾಡಿಕೊಂಡ ಊರಿಗೆ ಪ್ರಾಣಿದಯೆಯ ಮಾತು ಹೊರಗಿನದಾಗಬಾರದು.

ಆದರೂ ಬೆಂಗಳೂರಿನ ಅರ್ಜಿ ನಮೂನೆಯನ್ನು ಹಾಗೆಯೇ ತಂದು ಇಲ್ಲಿ ಬಳಸಲಾಗದು. ಅಪಾರ್ಟ್‌ಮೆಂಟಿನ ಬಾಲ್ಕನಿಯ ಪ್ರಶ್ನೆ ಇಲ್ಲಿ ಹೆಚ್ಚಿನವರಿಗೆ ಬೇಕಿಲ್ಲ, ಬಿಸಿಲಿನ ಪ್ರಶ್ನೆ ಎಲ್ಲರಿಗೂ ಬೇಕು. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಶಕ್ತಿಯಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ತಗಡಿನ ಶೆಡ್ಡಿನ ಕೆಳಗೆ, ಕಾದ ಮಾಳಿಗೆಯ ಮೇಲೆ ಕಟ್ಟಿಹಾಕಿದ ನಾಯಿ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ಹಿಮದ ನಾಡಿನ ಹಸ್ಕಿ ನಾಯಿಯನ್ನು ಇಂಥ ಸೆಕೆಗೆ ತರುವುದು ಆ ಜೀವಕ್ಕೆ ಮಾಡುವ ಅನ್ಯಾಯ. ಈ ಮಣ್ಣಿನ ನಾಯಿಗೆ ಇಲ್ಲಿನ ಹವೆ ಒಗ್ಗಿದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಓಣಿಯ ನಾಯಿಗೆ ಅಂಥ ಹೆಸರಿಲ್ಲದಿದ್ದರೂ ಗಟ್ಟಿತನದಲ್ಲಿ, ನಿಷ್ಠೆಯಲ್ಲಿ ಅದು ಯಾವ ತಳಿಗೂ ಕಡಿಮೆಯಿಲ್ಲ.

ಇನ್ನೊಂದು ಪ್ರಶ್ನೆ ಗುಳೆಯದು. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳಿಂದ ಬೆಂಗಳೂರು, ಪುಣೆ ಕಡೆಗೆ ಕುಟುಂಬ ಸಮೇತ ದುಡಿಯಲು ಹೋಗುವವರು ಬಹಳ. ಮನೆಗೆ ಬೀಗ ಬಿದ್ದಾಗ ನಾಯಿ ಕಟ್ಟೆಯ ಮೇಲೆ ಉಳಿಯುತ್ತದೆ. ಅವರು ನಿರ್ದಯಿಗಳಲ್ಲ. ಮಕ್ಕಳನ್ನೇ ಶಾಲೆ ಬಿಡಿಸಿ ಕರೆದೊಯ್ಯಬೇಕಾದ ಸಂಕಟದಲ್ಲಿರುವವರು. ಅಂಥ ಮನೆಗೆ ‘ನೀವು ಅನರ್ಹರು’ ಎನ್ನುವುದು ನ್ಯಾಯವಲ್ಲ. ‘ನೀವು ಇಲ್ಲದ ತಿಂಗಳುಗಳಲ್ಲಿ ಯಾರು ರೊಟ್ಟಿ ಹಾಕುತ್ತಾರೆ? ಅವರ ಹೆಸರು ಹೇಳಿ’ ಎಂದು ಕೇಳುವುದು ನ್ಯಾಯ. ದೊಡ್ಡವ್ವನೋ ಪಕ್ಕದ ಮನೆಯವರೋ ಒಪ್ಪಿದರೆ ಅಲ್ಲಿಗೆ ಆ ಮನೆ ಅರ್ಹವಾಯಿತು.

ಸಿಂಧನೂರಿನ ಸ್ಥಿತಿ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಗೋದಾಮುಗಳು ಇಲ್ಲಿ ಸಾಲುಸಾಲು. ಇಲಿ ಕಾಟಕ್ಕೆ ಬೆಕ್ಕು, ಕಾವಲಿಗೆ ನಾಯಿ ಬೇಕೇ ಬೇಕು. ‘ಕಾವಲಿಗೆ ಮಾತ್ರ’ ಎಂದು ಕೇಳುವವರಿಗೆ ನಗರದ ಸಂಸ್ಥೆಗಳು ಸಾಮಾನ್ಯವಾಗಿ ಪ್ರಾಣಿ ಕೊಡುವುದಿಲ್ಲ. ಕಾವಲು ನಾಯಿಯೆಂದರೆ ಗೇಟಿಗೆ ಕಟ್ಟಿದ ನಾಯಿ ಎಂಬ ಅನುಭವವೇ ಇದಕ್ಕೆ ಕಾರಣ. ಗಿರಣಿಯಲ್ಲಿ ಅಡ್ಡಾಡಲು ಜಾಗ, ನೆರಳು, ಹೊತ್ತಿಗೆ ಸರಿಯಾಗಿ ಅನ್ನ, ಲಸಿಕೆ ಮತ್ತು ಹೆಸರಿಟ್ಟು ಕರೆಯುವ ಒಬ್ಬ ಮನುಷ್ಯ ಇದ್ದರೆ ಅಲ್ಲಿನ ನಾಯಿಯೂ ಚೆನ್ನಾಗಿಯೇ ಬದುಕುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲೇ ಹೇಳಬೇಕು. ದತ್ತು ಎಂಬುದು ನಾಯಿ, ಬೆಕ್ಕಿನಂಥ ಸಾಕುಪ್ರಾಣಿಗಳಿಗೆ ಮಾತ್ರ. ಹೊಲದಲ್ಲಿ ಸಿಕ್ಕ ಗಿಳಿಮರಿ, ನಕ್ಷತ್ರ ಆಮೆ, ಮೊಲ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಪ್ರೀತಿಯಿಂದ ಸಾಕಿದರೂ ಅಪರಾಧವೇ. ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಬಿಗಿ ಅತಿಯಾದರೆ

ಷರತ್ತುಗಳನ್ನು ಇಷ್ಟು ಸಮರ್ಥಿಸಿದ ಮೇಲೆ ಅವುಗಳ ದೋಷವನ್ನೂ ಹೇಳದಿದ್ದರೆ ತಪ್ಪಾದೀತು. ಕೆಲವು ಕಡೆ ಅವಿವಾಹಿತರಿಗೆ ಕೊಡುವುದಿಲ್ಲ, ಬಾಡಿಗೆ ಮನೆಯವರಿಗೆ ಕೊಡುವುದಿಲ್ಲ, ಸಂಬಳ ಇಷ್ಟಿರಬೇಕು ಎನ್ನುವವರಿದ್ದಾರೆ, ನಗರದ ಹೊರಗಿನವರಿಗೆ ಇಲ್ಲವೇ ಇಲ್ಲ ಎನ್ನುವವರೂ ಇದ್ದಾರೆ. ಕೊನೆಯದಕ್ಕೆ ಕಾರಣ ಅರ್ಥವಾಗುತ್ತದೆ. ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಸಿಂಧನೂರಿಗೆ ಬಂದು ಮರಿ ಹೇಗಿದೆ ಎಂದು ನೋಡುವ ಶಕ್ತಿ ಸಂಸ್ಥೆಗಿಲ್ಲ. ಮಿಕ್ಕವು ಜೇಬು ನೋಡಿ ಮನಸ್ಸು ಅಳೆಯುವ ಪ್ರಶ್ನೆಗಳು. ದಿನಗೂಲಿಯವರ ಗುಡಿಸಲಿನ ಮುಂದೆ ತಾವುಂಡದ್ದರಲ್ಲೇ ಪಾಲು ಕೊಟ್ಟು ಸಾಕಿದ ನಾಯಿ ಹಾಯಾಗಿ ಮಲಗಿರುವುದನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿಲ್ಲ? ದೊಡ್ಡ ಬಂಗಲೆಯ ಗೇಟಿಗೆ ಬಿಗಿದು ಕಟ್ಟಿದ ನಾಯಿಯನ್ನೂ ಕಂಡಿದ್ದೇವೆ.

ಈ ಬಗ್ಗೆ ಹೊರದೇಶಗಳಲ್ಲಿ ಅಧ್ಯಯನಗಳೂ ನಡೆದಿವೆ. ಶುಲ್ಕ ಕೊಟ್ಟು ಬೆಕ್ಕು ದತ್ತು ಪಡೆದವರಿಗೂ ಉಚಿತವಾಗಿ ಪಡೆದವರಿಗೂ ಅದರ ಮೇಲಿನ ಮಮತೆಯಲ್ಲಿ ವ್ಯತ್ಯಾಸವಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಲ್ಲಿನ ಹಲವು ಆಶ್ರಯಧಾಮಗಳು ಈಗ ತನಿಖೆಯ ಧಾಟಿ ಬಿಟ್ಟು ಮಾತುಕತೆಯ ಧಾಟಿ ಹಿಡಿದಿವೆ. ಬಂದವರನ್ನು ಸೋಸಿ ಕಳಿಸುವ ಬದಲು ಅವರ ಮನೆಗೆ ಒಗ್ಗುವ ಪ್ರಾಣಿ ಯಾವುದು ಎಂದು ಕೂತು ಹುಡುಕುತ್ತಾರೆ.

ಅತಿ ಬಿಗಿಯ ನಷ್ಟ ಕೊನೆಗೆ ಪ್ರಾಣಿಗೇ ತಟ್ಟುತ್ತದೆ. ತಿರಸ್ಕೃತರಾದವರು ಸುಮ್ಮನಿರುವುದಿಲ್ಲ, ಹಣ ಕೊಟ್ಟು ಮಾರಾಟಗಾರರಿಂದ ಮರಿ ತರುತ್ತಾರೆ. ಅಲ್ಲಿ ಯಾವ ಪ್ರಶ್ನೆಯೂ ಇರುವುದಿಲ್ಲ. ಇತ್ತ ಆಶ್ರಯಧಾಮದ ಒಂದು ಜಾಗ ಖಾಲಿಯಾಗದೆ, ಗಾಯಗೊಂಡ ಇನ್ನೊಂದು ನಾಯಿಗೆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಪ್ರಾಣಿಯ ಅಗತ್ಯಗಳ ವಿಷಯದಲ್ಲಿ ಕಿಂಚಿತ್ತೂ ಸಡಿಲಬಾರದು, ಮನುಷ್ಯನ ಅಂತಸ್ತಿನ ವಿಷಯದಲ್ಲಿ ಕೇಳಲೇಬಾರದು. ಅನ್ನ, ನೀರು, ನೆರಳು, ಲಸಿಕೆ, ಸಂತಾನಹರಣ, ಅಡ್ಡಾಟ, ವಾಪಸು ತರುವ ಮಾತು ಇಷ್ಟು ಗಟ್ಟಿ. ಸಂಬಳ, ಮದುವೆ, ಮನೆಯ ಅಳತೆ ಲೆಕ್ಕಕ್ಕೆ ಬೇಡ.

ನಗರಸಭೆ, ಪುರಸಭೆಗಳ ಮುಂದೆ

ಈ ವಿಷಯ ಇನ್ನು ದೊಡ್ಡ ಊರುಗಳದ್ದಷ್ಟೇ ಆಗಿ ಉಳಿದಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಬೀದಿನಾಯಿ ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಜವಾಬ್ದಾರಿ ಅವರದೇ ಎಂದು ಹೇಳಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಿ ಆಶ್ರಯಧಾಮಕ್ಕೆ ಸೇರಿಸಬೇಕೆಂದು ಆದೇಶಿಸಿತು. ಹಾಗೆ ಹಿಡಿದ ನಾಯಿಗಳ ಪೈಕಿ ಕೆಲವಕ್ಕಾದರೂ ಮನೆ ಸಿಗಬೇಕಾದರೆ ದತ್ತು ವ್ಯವಸ್ಥೆ ಬೇಕು. ಸಿಂಧನೂರಿನ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳು ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಜೊತೆಗೆ ತೆಗೆದುಕೊಂಡು ಕನ್ನಡದಲ್ಲಿ ಒಂದು ಪುಟದ ಅರ್ಜಿ, ಒಂದು ಪುಟದ ಕರಾರು ಸಿದ್ಧಪಡಿಸಿದರೆ ಕೆಲಸ ಶುರುವಾಗುತ್ತದೆ. ಮನೆ ನೋಡಿ ಬರಲು ಪ್ರಾಣಿಪ್ರಿಯ ಯುವಕ ಯುವತಿಯರು ಪ್ರತಿ ಊರಿನಲ್ಲೂ ಸಿಕ್ಕಾರು. ಬೆಂಗಳೂರಿನವರಿಗೆ ದೂರವೆನಿಸಿದ ಊರು ಅವರಿಗೆ ದೂರವಲ್ಲ.

ಮನೆಗೆ ತರಲು ಆಗದವರೂ ಕೈಜೋಡಿಸಬಹುದು. ಮನೆ ಸಿಗುವ ತನಕ ಕೆಲವು ವಾರ ಮರಿಯನ್ನು ಇಟ್ಟುಕೊಂಡು ಸಾಕುವವರು ಆಶ್ರಯಧಾಮಗಳಿಗೆ ಬಹಳ ಬೇಕು. ಖರ್ಚು ವಹಿಸಿಕೊಳ್ಳುವುದೂ ಒಂದು ಬಗೆಯ ದತ್ತು. ರಾಜ್ಯ ಸರ್ಕಾರ 2022ರಲ್ಲಿ ತಂದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸಿನ ಪಾಲನೆಯ ವೆಚ್ಚ ಹೊರಲು ಅವಕಾಶ ಮಾಡಲಾಯಿತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿಯಲ್ಲಿ ನಾಯಿ ಮರಿ ಹಾಕಿದರೆ, ಯಾರಾದರೂ ಬಂದು ‘ಒಂದು ಮರಿ ಕೊಡ್ರಿ’ ಎಂದರೆ ಸುಮ್ಮನೆ ಎತ್ತಿ ಕೊಡಬೇಡಿ. ಎಂಟು ವಾರ ತುಂಬುವವರೆಗೆ ತಾಯಿಯ ಜೊತೆ ಬಿಡಿ. ಕೊಡುವಾಗ ಐದು ಮಾತು ಕೇಳಿ: ಮನೆಯವರೆಲ್ಲ ಒಪ್ಪಿದ್ದಾರೆಯೇ? ಬಿಸಿಲಿಗೆ ನೆರಳು, ನೀರು ಎಲ್ಲಿ? ಲಸಿಕೆ ಮತ್ತು ಆಪರೇಷನ್ ಮಾಡಿಸುತ್ತೀರಾ? ಊರು ಬಿಟ್ಟಾಗ ನೋಡುವವರು ಯಾರು? ಆಗದಿದ್ದರೆ ನನಗೇ ತಂದು ಕೊಡುತ್ತೀರಾ? ಹೆಣ್ಣು ಮರಿಯನ್ನೂ ಒಯ್ಯಿರಿ ಎಂದು ಹೇಳಿ. ಕೇಳಿದ್ದಕ್ಕೆ ಒಬ್ಬರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಆ ಐದಕ್ಕೂ ಮನಃಪೂರ್ವಕ ಉತ್ತರ ಕೊಟ್ಟವರ ಕೈಗೆ, ಅವರ ಮನೆ ಯಾವುದೇ ಇರಲಿ, ಧೈರ್ಯವಾಗಿ ಮರಿ ಕೊಡಿ.